ಶಾರ್ಟ್ ಫಿಲ್ಮ್ ಓಪನಿಂಗ್ ಸೀನ್‌ನ್ಯಾಗ ಟೆನ್ಶನ್ನ ಬರವಲ್ದು, ಎಲ್ಲಿ ತಪ್ಪೇವಿ ಹೇಳ್ರಿ

ಬೆಟಗೇರಿ_ಹುಡುಗ:

ಎಲ್ಲಾರಿಗೂ ನಮಸ್ಕಾರ್ರಿ. ನಾವು ಐದು ಮಂದಿ ದೋಸ್ತರು ಕೂಡಿ ಹನ್ನೆರಡು ನಿಮಿಷದ ಒಂದು ಥ್ರಿಲ್ಲರ್ ಶಾರ್ಟ್ ಫಿಲ್ಮ್ ಮಾಡಾಕತ್ತೀವಿ. ಶೂಟಿಂಗ್ ಪೂರಾ ಬ್ಯಾಡಗ್ಯಾಗ, ದೋಸ್ತನ ಸೋದರಮಾವಂದು ಒಂದು ಹಳೇ ವಖಾರಿ ಐತಿ, ರಾತ್ರಿ ಹೊತ್ತು ನಮಗ ಬಿಟ್ಟು ಕೊಟ್ಟಾರ. ಓಪನಿಂಗ್ ಸೀನ್ ಹಿಂಗೈತಿ, ದಲಾಲಿ ಅಂಗಡಿ ದಿವಾನಜಿ ಒಬ್ಬಂವ ರಾತ್ರಿ ಕದ್ದು ವಖಾರಿ ಒಳಗ ಬಂದು ಮಾಲಕನ ಎರಡನೇ ಲೆಕ್ಕದ ಪುಸ್ತಕ ಹುಡುಕ್ತಾನ, ಅಷ್ಟ್ರಾಗ ಶಟರ್ ಎತ್ತಿದ ಸಪ್ಪಳ ಆಕ್ಕೈತಿ, ಮಾಲಕ ಒಳಗ ಬರ್ತಾನ, ಇಂವ ಹೋಗಿ ಮೆಣಸಿನಕಾಯಿ ಚೀಲದ ಹಿಂದ ಅಡಗಿ ಕುಂದರ್ತಾನ. ಇಷ್ಟ. ಎರಡೂವರಿ ನಿಮಿಷ.

ಕಾಗದದ ಮ್ಯಾಲೆ ಓದಿದಾಗ ಎಲ್ಲಾರ ಎದಿನೂ ಢವಢವ ಅಂದಿತ್ತು. ಶೂಟ್ ಮಾಡಿ ಜೋಡ್ಸಿ ನೋಡಿದ್ರ ಏನೂ ಇಲ್ರಿ, ಖಾಲಿ. ಕತ್ತಲಿ ಮಾಡೇವಿ, ಕ್ಯಾಮೆರಾ ಕೈಯಾಗ ಹಿಡ್ಕೊಂಡು ಅಲ್ಲಾಡ್ಸೇವಿ, ಎರಡೂವರಿ ನಿಮಿಷದಾಗ 61 ಕಟ್ ಅದಾವು, ಮೊದಲಿಂದ ಕಡೀತನಕ ಡ್ರಮ್ಸ್ ಹಚ್ಚೇವಿ, ಮಾಲಕನ ಮಾರಿ ಬಂದ ಕೂಡ್ಲೆ ಧಡ್ ಅಂತ ಒಂದು ಸೌಂಡ್ ಹಾಕೇವಿ. ನಮ್ಮ ಅಕ್ಕಗ ತೋರ್ಸಿದ್ರ ಅಕಿ ಅರ್ಧಕ್ಕ ಫೋನ್ ತಗೊಂಡು ನೋಡಾಕ ಹತ್ತಿದ್ಲು. ಆವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ನಮ್ಮ ಹತ್ರ ಹಳೇ ಡಿಎಸ್‌ಎಲ್‌ಆರ್ ಒಂದು, 18-55 ಲೆನ್ಸ್, ಒಂದು 50, ಮತ್ತ ಎಲ್ಲಾರ ಫೋನು ಅದಾವು. ಲಿಂಕ್ ಹಾಕೀನಿ, ನೋಡಿ ಖರೇನ ಹೇಳ್ರಿ, ಬ್ಯಾಸರ ಮಾಡ್ಕೊಳ್ಳೂದಿಲ್ಲ.

ಎಡಿಟ್_ಟೇಬಲ್_ಹುಬ್ಳಿ:

ತಮ್ಮಾ, ಮೂರು ಸಲ ನೋಡ್ದೆ. ನಿಮ್ಮ ದಿವಾನಜಿ ಪಾರ್ಟ್ ಮಾಡಿದ ಹುಡುಗ ಭಾಳ ಚಲೋ ಮಾಡ್ಯಾನ, ಆ ಕಣ್ಣು ಮುಂದ ಉಪಯೋಗಕ್ಕ ಬರ್ತಾವು. ತಪ್ಪು ಇರೂದು ಬ್ಯಾರೆ ಕಡೆ. ನಿಮ್ಮ ಸೀನ್ ನೋಡಾಂವಗ ಏನೂ ಗೊತ್ತಿಲ್ಲ. ಇಂವ ಯಾರು ಗೊತ್ತಿಲ್ಲ, ಏನ್ ಹುಡುಕ್ತಾನ ಗೊತ್ತಿಲ್ಲ, ಸಿಕ್ಕಿಬಿದ್ರ ಏನಾಕ್ಕೈತಿ ಗೊತ್ತಿಲ್ಲ, ಬಾಗಲಾ ಯಾವ ಕಡೆ ಐತಿ ಅನ್ನೂದೂ ಗೊತ್ತಿಲ್ಲ. ಏನೂ ಗೊತ್ತಿಲ್ಲದಂವ ಅಂಜೂದಿಲ್ಲ, ಗಲಿಬಿಲಿ ಆಕ್ಕಾನ, ಗಲಿಬಿಲಿ ಆದಂವ ಫೋನ್ ತಗೀತಾನ. ನಿಮ್ಮ ಅಕ್ಕಂದು ತಪ್ಪಿಲ್ಲ.

1962ರಾಗ ಥ್ರಿಲ್ಲರ್ ಸಿನಿಮಾಕ್ಕ ಹೆಸರಾದ ಡೈರೆಕ್ಟರ್ ಹಿಚ್‌ಕಾಕ್, ಫ್ರಾನ್ಸಿನ ಡೈರೆಕ್ಟರ್ ತ್ರೂಫೋ ಜೋಡಿ ಕುಂತು ದಿನಗಟ್ಟಲೆ ಮಾತಾಡಿದ್ದು ಪುಸ್ತಕ ಆಗೇತಿ, ಅದ್ರಾಗ ಟೇಬಲ್ ಕೆಳಗಿನ ಬಾಂಬಿನ ವಿಚಾರ ಬರ್ತೈತಿ. ಇಬ್ಬರು ಕುಂತು ಏನೋ ಮಾತಾಡಾಕತ್ತಾರ, ಒಮ್ಮೆಲೆ ಬಾಂಬ್ ಹಾರಿದ್ರ ನೋಡಾವ್ರಿಗಿ ಹದಿನೈದು ಸೆಕೆಂಡ್ ಬೆಚ್ಚಿ ಬೀಳೂದು ಅಷ್ಟ. ಅದ ಬಾಂಬ್ ಟೇಬಲ್ ಕೆಳಗ ಐತಿ, ಒಂದಕ್ಕ ಹಾರ್ತೈತಿ, ಗೋಡಿ ಗಡಿಯಾರದಾಗ ಒಂದಕ್ಕ ಕಾಲು ತಾಸು ಉಳದೈತಿ ಅಂತ ನೋಡಾವ್ರಿಗಿ ಮೊದಲ ತೋರ್ಸಿದ್ರ, ಅದ ಹರಟಿ ಹದಿನೈದು ನಿಮಿಷ ಜೀವ ಹಿಂಡ್ತೈತಿ. ಮಾತು ಬದಲಾಗಿಲ್ಲ, ನಟರು ಬದಲಾಗಿಲ್ಲ, ನೋಡಾವ್ರಿಗಿ ಗೊತ್ತಿರೂದು ಬದಲಾತು.

ಇದನ್ನ ಓಪನಿಂಗ್ ಸೀನ್‌ನ್ಯಾಗ ಮಾಡಿ ತೋರ್ಸಿದ್ದು ನೋಡ್ಬೇಕಂದ್ರ ಆರ್ಸನ್ ವೆಲ್ಸ್‌ನ ಟಚ್ ಆಫ್ ಈವಿಲ್ ನೋಡ್ರಿ, 1958ರದ್ದು. ಮೊದಲನೇ ಫ್ರೇಮ್‌ನ್ಯಾಗ ಒಂದು ಕೈ ಬಾಂಬಿನ ಟೈಮರ್ ತಿರುವ್ತೈತಿ, ಆಮ್ಯಾಲೆ ಅದು ಒಂದು ಕಾರಿನ ಡಿಕ್ಕಿ ಒಳಗ ಹೋಕ್ಕೈತಿ. ಕಾರಿನ್ಯಾಗ ಹತ್ತಿದವ್ರಿಗಿ ಗೊತ್ತಿಲ್ಲ. ಕ್ರೇನ್ ಮ್ಯಾಲಿನ ಕ್ಯಾಮೆರಾ ಊರಿನ ಮಾಡ ಹಾಯ್ದು, ಓಣಿಗುಂಟ, ಬಾರ್ಡರ್ ಚೆಕ್‌ಪೋಸ್ಟ್ ತನಕ ಮೂರು ನಿಮಿಷದ ಮ್ಯಾಲೆ ಒಂದೂ ಕಟ್ ಇಲ್ದಂಗ ಹೋಕ್ಕೈತಿ. ನಡುವ ಹೊಸದಾಗಿ ಲಗ್ನ ಆದ ಗಂಡ ಹೆಂಡ್ತಿ ಅದ ಕಾರಿನ ಆಜೂಬಾಜೂ ನಡಕೋತ ಬರ್ತಾರ, ಕಾರ್ ಒಮ್ಮಿ ಮುಂದ ಹೋಕ್ಕೈತಿ, ಒಮ್ಮಿ ನಿಂದರ್ತೈತಿ, ಇವರ ಹತ್ರನ ಬಂದು ನಿಂದರ್ತೈತಿ, ನಮ್ಮ ಜೀವ ಬಾಯಿಗಿ ಬರ್ತೈತಿ. ಕಟ್ ಇಲ್ಲ ಅಂದ್ರ ಟೈಮ್ ಮೋಸ ಇಲ್ಲ ಅಂತ ಅರ್ಥ, ಟೈಮರ್‌ದಾಗಿನ ಸೆಕೆಂಡೂ ನಮ್ಮ ಸೆಕೆಂಡೂ ಒಂದ. ಬಾಂಬ್ ಹಾರಿದ ಸಪ್ಪಳ ಕೇಳಿದ ಮ್ಯಾಲೇನ ಮೊದಲನೇ ಕಟ್ ಬರ್ತೈತಿ. ನೀವು 61 ಸಲ ಕಟ್ ಮಾಡೀರಿ, ಅಂದ್ರ 61 ಸಲ ನೋಡಾಂವಗ ಉಸಿರು ಬಿಡಾಕ ಜಾಗ ಕೊಟ್ಟೀರಿ.

ಈಗ ಹೇಳ್ರಿ, ನಿಮ್ಮ ವಖಾರ್ಯಾಗ ಆ ಡಿಕ್ಕಿಯೊಳಗಿನ ಬಾಂಬ್ ಯಾವ್ದು?

ಬೆಟಗೇರಿ_ಹುಡುಗ:

ಅಣ್ಣಾರ ಇಷ್ಟು ಬರದ್ರಿ, ಭಾಳ ಉಪಕಾರ ಆತು. ಆದ್ರ ನಮ್ಮ ಕತ್ಯಾಗ ಬಾಂಬ್ ಅನ್ನೂವಂಥಾದ್ದು ಏನೂ ಇಲ್ರಿ, ಸಿಕ್ಕಿಬೀಳ್ತಾನೇನೋ ಅನ್ನೂದ ಬಾಂಬ್ ಅಂತ ತಿಳ್ಕೊಂಡಿದ್ವಿ.

ಬ್ಯಾಡಗಿ_ಕೆಂಪು:

ಮೆಣಸಿನಕಾಯಿ ಚೀಲದ ಹಿಂದ ಕುಂದ್ರಿಸೀರಿ, ಮತ್ತ ಬಾಂಬ್ ಇಲ್ಲ ಅಂತೀರಲ್ರಿ ತಮ್ಮಾ!

ನಾ ಹುಟ್ಟಿ ಬೆಳದದ್ದು ಇಂಥಾ ವಖಾರಿ ಬಾಜೂಕ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಖಾರ ಕಮ್ಮಿ ಬಣ್ಣ ಹೆಚ್ಚು ಅಂತ ಎಲ್ಲಾರೂ ಅಂತಾರ, ಖರೇನ ಐತಿ, ಆದ್ರ ಅದು ತಿನ್ನೂಮುಂದಿನ ಮಾತು. ಬಾಗಲಾ ಹಾಕಿದ ವಖಾರ್ಯಾಗ ಒಂದು ಚೀಲ ಸರ್ಸಿದ್ರ ಸಾಕು, ಧೂಳು ಏಳ್ತೈತಿ, ಆ ಘಾಟು ಮೊದಲ ಮೂಗಿಗಿ ಬರೂದಿಲ್ಲ, ಸೀದಾ ಗಂಟಲಾಗ ಕುಂದರ್ತೈತಿ. ಹಮಾಲರು ಬಾಯಿಗಿ ಟಾವೆಲ್ ಕಟ್ಕೊಂಡ ಕೆಲಸ ಮಾಡ್ತಾರ. ಹೊಸಬರು ಎರಡು ನಿಮಿಷ ತಡ್ಯೂದಿಲ್ಲ. ಗಂಟಲ ಕೆಳಗ ಸಣ್ಣದೊಂದು ಕೂದಲ ಇಟ್ಟಂಗ ಆಕ್ಕೈತಿ, ಉಗುಳು ನುಂಗಿದ್ರ ಒಂದು ಗಳಿಗಿ ತಡೀತೈತಿ, ಮತ್ತ ಬರ್ತೈತಿ, ಹಿಡದಷ್ಟೂ ಜೋರಾಗಿ ಬರ್ತೈತಿ, ಕಣ್ಣಾಗ ನೀರು ಬರ್ತೈತಿ. ಅಂಥಾ ಜಾಗಾದಾಗ ಒಬ್ಬಂವ ಉಸಿರು ಬಿಗಿ ಹಿಡ್ಕೊಂಡು ಕುಂತಾನ, ಹತ್ತು ಹೆಜ್ಜಿ ದೂರ ಮಾಲಕ ನಿಂತಾನ. ಇದಕ್ಕಿಂತ ಬಾಂಬ್ ಬೇಕೇನ್ರಿ?

ಒಂದ ಒಂದು ಮಾಡ್ರಿ. ಮಾಲಕ ಬರೂಕಿಂತ ಮೊದಲ, ಇಂವ ಒಬ್ಬನ ಇದ್ದಾಗ, ಒಂದು ಚೀಲ ಸರ್ಸಿ ಜೋರಾಗಿ ಕೆಮ್ಮಲಿ. ಅಂಜಿಕಿ ಇಲ್ದಂಗ ಕೆಮ್ಮಲಿ, ಕಣ್ಣು ಒರೆಸ್ಕೊಳ್ಳಲಿ. ನಮ್ಮೂರವ್ರಿಗಿ ಹೇಳೂದ ಬ್ಯಾಡ, ಹೊರಗಿನವ್ರಿಗೂ ಇಲ್ಲಿ ಗಾಳಿ ಎಂಥಾದ್ದು ಅಂತ ತಿಳೀತೈತಿ. ಆಮ್ಯಾಲೆ ಅಂವ ಚೀಲದ ಹಿಂದ ಹೋಗಿ ಕುಂತ ಕೂಡ್ಲೆ ನೋಡಾವ್ರ ಗಂಟಲ ತಾನ ಕಡಿಯಾಕ ಹತ್ತತೈತಿ.

ಬೆಟಗೇರಿ_ಹುಡುಗ:

ಅಕ್ಕಾರ, ಇದನ್ನ ಓದಿ ತಲಿ ಮ್ಯಾಲೆ ಕೈ ಇಟ್ಕೊಂಡು ಕುಂತೀನಿ. ಎರಡು ರಾತ್ರಿ ಶೂಟ್ ಮಾಡೂಮುಂದ ಎಲ್ಲಾರೂ ಕೆಮ್ಮಿ ಕೆಮ್ಮಿ ಸಾಕಾಗಿದ್ವಿ, ದಿವಾನಜಿ ಪಾರ್ಟ್ ಮಾಡಿದಂವಂತೂ ಟೇಕ್ ನಡುವನ ಕೆಮ್ಮಿದ್ದ. ಆ ಕೆಮ್ಮೆಲ್ಲಾ ನಾನ ಕುಂತು ಒಂದೊಂದ ಹುಡುಕಿ ಎಡಿಟ್‌ನ್ಯಾಗ ತಗದೀನಿ.

ಮಾರ್ವಾ_ಸಂಜಿ:

ಆ ತಗದ ಕೆಮ್ಮಿನ ಫೈಲ್ ಅಳಿಸಿದ್ದಿಲ್ಲ ಅಂದ್ರ ಜ್ವಾಪಾನ ಇಟ್ಟಿರ್ರಿ, ಅಂಥಾ ಖರೇ ದನಿ ಸ್ಟುಡಿಯೋದಾಗ ಸಿಗೂದಿಲ್ಲ.

ನಾ ಧಾರವಾಡದಾಗ ಗಾಯನ ಕಲಿಯಾಕಿ, ಸಿನಿಮಾ ಎಡಿಟಿಂಗ್ ನನಗ ಬರೂದಿಲ್ಲ, ಆದ್ರ ಡ್ರಮ್ಸ್ ಬಗ್ಗೆ ಒಂದು ಮಾತು ಹೇಳ್ಬೇಕನಸ್ತದ. ಮೊದಲನೇ ಸೆಕೆಂಡಿಂದನ ಡ್ರಮ್ಸ್ ಬಡದ್ರ ಕೇಳಾವ್ರ ಕಿವಿ ಅದಕ್ಕ ಒಗ್ಗಿ ಬಿಡ್ತದ, ಆಮ್ಯಾಲೆ ಅದು ಫ್ಯಾನ್ ಸಪ್ಪಳ ಇದ್ದಂಗ. ನಮ್ಮಲ್ಲಿ ಮಾರ್ವಾ ಅಂತ ರಾಗ ಅದ, ಸಂಜೀ ರಾಗ, ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮ ಇಲ್ಲ. ಅದ್ರಾಗ ಷಡ್ಜದ ಮ್ಯಾಲೆ, ಅಂದ್ರ ಹಾಡಿಗಿ ಮನಿ ಇದ್ದಂಗ ಇರೂ ಸಾ ಸ್ವರದ ಮ್ಯಾಲೆ, ನಿಂದ್ರೂದು ಭಾಳ ಕಮ್ಮಿ. ನಿಷಾದಿಂದ ರಿಷಭಕ್ಕ ಹೋಗ್ತಾರ, ರಿಷಭ ಹಿಡದು ನಿಂದರ್ತಾರ, ಸಾ ಹತ್ರನ ಇರ್ತದ, ತಂಬೂರಿಯೊಳಗ ಕೇಳ್ತಿರ್ತದ, ಆದ್ರ ಹಾಡಾವ್ರು ಅಲ್ಲಿಗಿ ಬರವಲ್ರು. ಕೇಳಾಂವಗ ಮನಿ ಬಾಗಲಾ ಕಾಣಸ್ತಿರ್ತದ, ಒಳಗ ಹೋಗಾಕ ಬಿಡವಲ್ರು. ಏನೂ ಬಡಿಲಾರದ, ಕೂಗಲಾರದ, ಆ ಚಡಪಡಿಕಿ ಹುಟ್ತದ. ಕಡೀಕ ಸಾ ಬಂದಾಗ ಮೈ ಹಗುರಾಗ್ತದ. ಓಪನಿಂಗ್ ಸೀನ್‌ನ್ಯಾಗ ನಿಮ್ಮ ಸಾ ಯಾವುದು ಅಂತ ನೋಡ್ಕೊಳ್ರಿ, ಕೆಮ್ಮು ಅನ್ರಿ, ಮಾಲಕ ಹೊರಗ ಹೋಗೂದು ಅನ್ರಿ, ಅದನ್ನ ಕೊಡ್ಬ್ಯಾಡ್ರಿ, ಹತ್ರ ಒಯ್ದು ಒಯ್ದು ವಾಪಸ್ ತರ್ರಿ.

ಎಡಿಟ್_ಟೇಬಲ್_ಹುಬ್ಳಿ:

ಅಕ್ಕಾರ ಭಾಳ ಚಲೋ ಹೇಳಿದ್ರಿ. ಸೌಂಡ್ ಮಾತು ಬಂತಲ್ಲ, ಅದ ಟಚ್ ಆಫ್ ಈವಿಲ್‌ದ ಇನ್ನೊಂದು ವಿಷಯ ಐತಿ. ಸ್ಟುಡಿಯೋದವರು ಬಿಡುಗಡಿ ಮಾಡಿದ್ದ್ರಾಗ ಆ ಶಾಟ್ ಮ್ಯಾಲೆ ಟೈಟಲ್ ಹಾಕಿ, ಹೆನ್ರಿ ಮ್ಯಾನ್ಸಿನಿ ಮ್ಯೂಸಿಕ್ ಹಚ್ಚಿದ್ರು. ವೆಲ್ಸ್ ಸಿನಿಮಾ ಹೆಂಗಿರ್ಬೇಕು ಅಂತ 58 ಪುಟದ ಮೆಮೊ ಬರದು ಕೊಟ್ಟಿದ್ದ, ಆಗ ಪೂರಾ ಕಿವಿಗಿ ಹಾಕ್ಕೊಳ್ಳಲಿಲ್ಲ. 1998ರಾಗ ಎಡಿಟರ್ ವಾಲ್ಟರ್ ಮರ್ಚ್ ಆ ಮೆಮೊ ಹಿಡ್ಕೊಂಡು ಮತ್ತ ಜೋಡ್ಸಿದ್ರು. ಟೈಟಲ್ ಹೋದ್ವು, ಹಿನ್ನೆಲಿ ಮ್ಯೂಸಿಕ್ ಹೋತು, ಬದಲಿಗಿ ಓಣ್ಯಾಗಿನ ಒಂದೊಂದು ಬಾರಿನ ಹಾಡು, ಮಂದಿ ಮಾತು, ಮತ್ತ ಆ ಕಾರಿನ ರೇಡಿಯೋ. ಕಾರ್ ಫ್ರೇಮ್ ಬಿಟ್ಟು ಹೊರಗ ಹೋದ್ರೂ ರೇಡಿಯೋ ದನಿ ಮ್ಯಾಲೆ ಅದು ಎಷ್ಟು ಹತ್ರ ಐತಿ ಅಂತ ಕಿವಿಗಿ ಗೊತ್ತಾಕ್ಕೈತಿ. ಎರಡೂ ಒಂದಾದ ಮ್ಯಾಲೆ ಒಂದು ಹಾಕಿ ನೋಡ್ರಿ, ಅದ ಶಾಟ್, ಎರಡು ನಮೂನಿ ಅಂಜಿಕಿ.

ಅದಕ್ಕ ನಿಮ್ಮ ಮಾಲಕಗೂ ಒಂದು ಸಪ್ಪಳ ಕೊಡ್ರಿ. ಕೀಲಿ ಗೊಂಚಲು ಇರಲಿ, ಚಪ್ಪಲಿ ಎಳೆಯೂ ಸಪ್ಪಳ ಇರಲಿ, ಅಡಕಿ ಕಡಿಯೂದಿರಲಿ. ಅಂವನ್ನ ತೋರ್ಸೂದ ಬ್ಯಾಡ, ಚೀಲದ ಹಿಂದಿನ ಹುಡುಗನ ಮಾರಿ ಮ್ಯಾಲೆ ಕ್ಯಾಮೆರಾ ಇಟ್ಟು ಕೀಲಿ ಸಪ್ಪಳ ಹತ್ರ ತರ್ರಿ, ದೂರ ಒಯ್ರಿ, ಮತ್ತ ಹತ್ರ ತಂದು ನಿಂದರ್ಸಿ ಬಿಡ್ರಿ. ಸಪ್ಪಳ ನಿಂತದ್ದ ಎಲ್ಲಕ್ಕಿಂತ ಅಂಜಿಕಿ. ಮರೀಬ್ಯಾಡ್ರಿ, ಶೂಟ್ ಮುಗದ ಮ್ಯಾಲೆ ಎಲ್ಲಾರನ್ನೂ ಸುಮ್ಮನ ಕುಂದ್ರಿಸಿ ಒಂದು ನಿಮಿಷ ಖಾಲಿ ವಖಾರಿ ದನಿ ರೆಕಾರ್ಡ್ ಮಾಡ್ರಿ, ಅದು ಇಲ್ಲಂದ್ರ ಎಡಿಟ್‌ನ್ಯಾಗ ಮೌನ ಇಟ್ಟಲ್ಲೆ ಸೌಂಡ್ ಸತ್ತಂಗ ಕೇಳಸ್ತೈತಿ.

ಉಣಕಲ್_ದಂಡಿ:

ನಾ ಲಗ್ನದ ವಿಡಿಯೋ ಮಾಡಾಂವ, ಕ್ಯಾಮೆರಾ ಬಗ್ಗೆ ಅಷ್ಟ ಹೇಳ್ತೀನಿ. ಮೊದಲ ಒಂದು ಅಗಲ ಶಾಟ್ ಇಡ್ರಿ, ಶಟರ್ ಎಲ್ಲಿ, ಟೇಬಲ್ ಎಲ್ಲಿ, ಚೀಲ ಎಲ್ಲಿ, ಹಿಂದಿನ ಬಾಗಲಾ ಎಲ್ಲಿ, ಎಲ್ಲಾ ಒಂದ ಫ್ರೇಮ್‌ನ್ಯಾಗ ಕಾಣ್ಬೇಕು, ಅವಸರ ಬ್ಯಾಡ. ಹಿಂದಿನ ಬಾಗಲಕ್ಕ ಕೀಲಿ ಹಾಕೇತಿ ಅನ್ನೂದೂ ಅದ್ರಾಗ ಕಾಣಲಿ. ನೋಡಾವ್ರ ತಲ್ಯಾಗ ವಖಾರಿ ನಕ್ಷೆ ಕುಂತ್ರ ಮುಂದ ಬರೇ ಮಾರಿ ತೋರ್ಸಿದ್ರೂ ಮಾಲಕ ಎಷ್ಟು ದೂರ ಅಂತ ಅವರ ಅಳತಿ ಹಾಕ್ತಾರ. ನಿಮ್ಮ ಈಗಿನ ಕಟ್‌ನ್ಯಾಗ ಮಾಲಕ ಒಮ್ಮಿ ಎಡಕ್ಕ ನೋಡ್ತಾನ ಒಮ್ಮಿ ಬಲಕ್ಕ ನೋಡ್ತಾನ, ಇಬ್ಬರೂ ಒಂದ ದಿಕ್ಕಿಗಿ ನೋಡಿದಂಗ ಆಗೇತಿ, ಅಂವ ಇವನ್ನ ಹುಡುಕಾಕತ್ತಾನ ಅನಸೂದ ಇಲ್ಲ.

ನಿಮ್ಮ ಲೆನ್ಸ್ ಬಗ್ಗೆ ಒಂದು ಮಾತು. ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ಸ್ಟೇಶನ್‌ನ ಉದ್ದ ಪ್ಲಾಟ್‌ಫಾರ್ಮ್ ಐತಲ್ಲ, 1,507 ಮೀಟರ್, ಅದರ ತುದೀಗಿ ನಿಂತು ದೂರದಿಂದ ನಡಕೋತ ಬರೂ ಮನಶ್ಯಾನ್ನ ನೋಡ್ರಿ. ಬರ್ತಾನ ಬರ್ತಾನ, ದೊಡ್ಡಾವ ಆಗೂದ ಇಲ್ಲ. ಕಡೀ ಹತ್ತು ಹೆಜ್ಜ್ಯಾಗ ಮಾತ್ರ ಒಮ್ಮೆಲೆ ಮೈಮ್ಯಾಲೆ ಬಂದಂಗ ಆಕ್ಕಾನ. ಆಟ ಎಲ್ಲಾ ದೂರದ್ದು, ಟೆಲಿ ಲೆನ್ಸ್ ಆ ದೂರದ ತುಣುಕನ್ನ ತುಂಬ ಫ್ರೇಮ್ ಮಾಡಿ ತೋರ್ಸ್ತೈತಿ, ವೈಡ್, ಅಂದ್ರ ಅಗಲ ತೋರ್ಸೂ ಲೆನ್ಸ್ ಹಾಕಿದ್ರ ನಾವು ಹತ್ರ ಹೋಗೇ ತಗೀಬೇಕು, ಅದಕ್ಕ ಎರಡು ಹೆಜ್ಜಿ ಇಟ್ರೂ ಮನಶ್ಯಾ ಬೆಟ್ಟ ಆಗಿ ಬರ್ತಾನ. ನಿಮ್ಮ ಮಾಲಕ ಚೀಲದ ಸಾಲಿನ ನಡುವ ಬರೂದನ್ನ ನಿಮ್ಮ 18-55ರ 18ರಾಗ, ಅಂದ್ರ ಎಲ್ಲಕ್ಕಿಂತ ವೈಡ್ ಇಟ್ಟು, ಕ್ಯಾಮೆರಾ ನೆಲಕ್ಕ ಇಟ್ಟು, ಅಲ್ಲಾಡಿಸಲಾರದ ತಗೀರಿ.

ಲೈಟ್: ಪೂರಾ ಕತ್ತಲಿ ಅಂಜಿಕಿ ಅಲ್ಲ, ಅರ್ಧ ಕಾಣೂದ ಅಂಜಿಕಿ. ಮಾಲಕನ ಕೈಯಾಗ ಬ್ಯಾಟರಿ ಕೊಡ್ರಿ, ಬೆಳಕು ಚೀಲದ ಮ್ಯಾಲೆ ಹರದಾಡ್ಲಿ. ಶಟರ್ ಎತ್ತೂಕಿಂತ ಮೊದಲ ಅದರ ಕೆಳಗಿನ ಸಂದಿಯಿಂದ ರೋಡ್ ಲೈಟ್ ಒಂದು ಗೆರಿ ಒಳಗ ಬೀಳ್ಲಿ, ಆ ಗೆರಿ ಎರಡು ಕಡೆ ಕಪ್ಪಾತಂದ್ರ ಹೊರಗ ಎರಡು ಕಾಲು ಬಂದು ನಿಂತಾವು ಅಂತ ಹೇಳೂದ ಬ್ಯಾಡ. ಟ್ಯೂಬ್‌ಲೈಟ್ ಇದ್ರ ಶಟರ್ ಸ್ಪೀಡ್ 1/50 ಇಲ್ಲಾ 1/100 ಇಡ್ರಿ, ನಮ್ಮ ಕರೆಂಟ್ 50 ಹರ್ಟ್ಸ್, ಬ್ಯಾರೆ ಇಟ್ರ ಪಟ್ಟಿ ಓಡ್ತಾವು. ಫೋನಿಂದ ತಗದ್ರ ಎಕ್ಸ್‌ಪೋಶರ್ ಲಾಕ್ ಮಾಡ್ರಿ, ಇಲ್ಲಂದ್ರ ಬ್ಯಾಟರಿ ಬೆಳಕು ಬಂದಾಗೊಮ್ಮೆ ಫ್ರೇಮ್ ತಾನ ಕಪ್ಪಾಗಿ ತಾನ ಬೆಳ್ಳಗಾಕ್ಕೈತಿ.

ಹಾವೇರಿ_ಕಾಕಾ:

ಮಕ್ಕಳ್ರಾ, ಎಲ್ಲಾ ಓದಿದೆ. ನನ್ನ ಒಂದು ನೆನಪು ಕೇಳ್ರಿ. ನಮ್ಮೂರಾಗ ದೊಡ್ಡಾಟ ಆಡೂಮುಂದ ರಾಕ್ಷಸನ ಪಾತ್ರ ಬರೂದಿತ್ತಂದ್ರ ಇಬ್ಬರು ತೆರಿ ಹಿಡ್ಕೊಂಡು ನಿಂದರ್ತಿದ್ರು. ನಾವು ಸಣ್ಣ ಹುಡುಗ್ರು ಮುಂದ ಚಾಪಿ ಮ್ಯಾಲೆ. ತೆರಿ ಕೆಳಗ ಗೆಜ್ಜಿ ಕಟ್ಟಿದ ಕಾಲು ಕಾಣ್ತಿದ್ವು, ಮ್ಯಾಲೆ ಕಿರೀಟದ ತುದಿ, ನಡುವ ಏನೂ ಇಲ್ಲ. ಒಳಗಿಂದ ಆರ್ಭಟ. ತೆರಿ ಒಮ್ಮಿ ಸ್ವಲ್ಪ ಕೆಳಗ ಇಳಸ್ತಿದ್ರು, ಎರಡು ಕಣ್ಣು ಕಂಡ್ವು ಅನ್ನೂದ್ರಾಗ ಮತ್ತ ಏರಿಸ್ತಿದ್ರು. ಮದ್ದಳಿ ಬಡಿಯೂದು ನಿಲ್ಲಿಸಿ ಬಿಡ್ತಿದ್ರು. ನಾ ನಮ್ಮವ್ವನ ಸೀರಿ ಹಿಡ್ಕೊಂಡು ಅಳಾಕ ಹತ್ತಿದ್ದೆ. ಖರೇ ಪಾತ್ರ ಹೊರಗ ಬಂದ ಮ್ಯಾಲೆ ಅಂಜಿಕಿ ಹೋತು, ಅಂವ ನಮ್ಮ ಓಣಿ ಬಡಿಗ್ಯಾರ ಕಾಕಾ ಅಂತ ಗುರ್ತು ಸಿಕ್ಕಿತ್ತು.

1975ರ ಜಾಸ್ ಸಿನಿಮಾ ನೋಡಿದಾಗ ನನಗ ಈ ತೆರೀನ ನೆನಪಾತು. ಮೊದಲನೇ ಸೀನ್‌ನ್ಯಾಗ ರಾತ್ರಿ ಸಮುದ್ರಕ್ಕ ಇಳದ ಹುಡುಗೀನ್ನ ಏನೋ ಎಳೀತೈತಿ, ಶಾರ್ಕ್ ಕಾಣೂದ ಇಲ್ಲ, ನೀರಿನ ಮ್ಯಾಲೆ ಅಕಿ ಮಾರಿ ಅಷ್ಟ. ಯಂತ್ರದ ಶಾರ್ಕ್ ಉಪ್ಪು ನೀರಾಗ ಮ್ಯಾಲಿಂದ ಮ್ಯಾಲೆ ಕೆಡ್ತಿತ್ತಂತ, ಅದಕ್ಕ ಸ್ಪೀಲ್‌ಬರ್ಗ್ ಸಿನಿಮಾದ ಭಾಳ ಭಾಗ ಅದನ್ನ ತೋರಿಸ್ದ ನಡಿಸಿದ್ರು. ನಿಮ್ಮ ಮಾಲಕನ ಮಾರಿ ಮೊದಲನೇ ಸೀನ್‌ನ್ಯಾಗ ತೋರಿಸಬ್ಯಾಡ್ರಿ ಅಂತ ನನ್ನ ಅಭಿಪ್ರಾಯ. ಕಾಲು, ಬ್ಯಾಟರಿ, ಕೀಲಿ ಹಿಡದ ಕೈ. ಸಾಕು.

ಕಪ್ಪತಗುಡ್ಡ_ಗಾಳಿ:

ಎಲ್ಲಾ ಒಪ್ತೀನಿ, ಒಂದು ಬಿಟ್ಟು. ಕಟ್ ಜಾಸ್ತಿ ಆದ್ರ ಟೆನ್ಶನ್ ಹೋಕ್ಕೈತಿ ಅನ್ನೂದು ಪೂರಾ ಖರೆ ಅಲ್ಲ. ಮೊದಲ ಸಾವಕಾಶ ಇಟ್ಟು, ಆಮ್ಯಾಲೆ ಶಾಟ್ ಗಿಡ್ಡ ಗಿಡ್ಡ ಮಾಡ್ಕೋತ ಹೋದ್ರ ಎದಿ ಬಡಿತ ಏರಿದಂಗ ಆಕ್ಕೈತಿ. ಮೊದಲಿಂದನ ಓಡಿದ್ರ ಕಡೀಕ ಎಲ್ಲಿಗಿ ಓಡಾವ್ರು, ಅಷ್ಟ ಅವರ ತಪ್ಪು.

ನನ್ನ ಪ್ರಶ್ನಿ ಬ್ಯಾರೆ, ಕಡೀಕ ಅಂವ ಕೆಮ್ಮಬೇಕೋ ಬ್ಯಾಡೋ? ಕೆಮ್ಮಿದ್ರ ಎಲ್ಲಾರೂ ಅಂದ್ಕೊಂಡದ್ದ ಆತು. ಕೆಮ್ಮಲಿಲ್ಲ ಅಂದ್ರ ಮೋಸ ಮಾಡ್ಯಾರ ಅನಸ್ತೈತಿ.

ಬ್ಯಾಡಗಿ_ಕೆಂಪು:

ನಮ್ಮೂರ ರೈಲು ಐತಲ್ರಿ. ಹುಬ್ಬಳ್ಳಿ ಬೆಂಗಳೂರು ಲೈನ್, ರಾತ್ರಿ ಗೂಡ್ಸ್ ಗಾಡಿ ಹೋಗೂಮುಂದ ಹಳೇ ವಖಾರಿ ಪತ್ರಾಸ್ ನಡಗ್ತಾವು, ಬಾಜೂಕ ಕುಂತಾವ್ರ ಮಾತೂ ಕೇಳೂದಿಲ್ಲ. ಸುರುವಿಗಿ ಒಂದು ಗಾಡಿ ಹೋಗ್ಲಿ, ಪತ್ರಾಸ್ ನಡಗೂದು ತೋರ್ಸ್ರಿ. ಅಡಗಿ ಕುಂತಾಗ ಅಂವಗ ದೂರದಾಗ ಹಾರ್ನ್ ಕೇಳ್ತೈತಿ. ಗಾಡಿ ಬರೂತನಕ ತಡ್ಕೊಂಡ್ರ ಆ ಸಪ್ಪಳದಾಗ ಕೆಮ್ಮಬಹುದು ಅಂತ ಅಂವಗೂ ಗೊತ್ತು, ನಮಗೂ ಗೊತ್ತು.

ಎಡಿಟ್_ಟೇಬಲ್_ಹುಬ್ಳಿ:

ಯವ್ವಾ! ಇದ ರೀ. ಗಾಡಿ ಬರ್ತೈತಿ, ಚೀಲಕ್ಕ ಬಾಯಿ ಒತ್ತಿ ಕೆಮ್ಮತಾನ, ಕೆಮ್ಮತಾನ, ಇನ್ನೂ ಕೆಮ್ಮತಾನ, ಗಾಡಿ ಉದ್ದ ಐತಿ, ಆದ್ರ ಮುಗೀತೈತಿ. ಕಡೀ ಡಬ್ಬಿ ಹೋತು, ಸಪ್ಪಳ ಇಳೀತು, ಅರ್ಧ ಕೆಮ್ಮು ಇನ್ನೂ ಗಂಟಲಾಗ ಐತಿ. ಮಾಲಕನ ಕೀಲಿ ಸಪ್ಪಳ ನಿಂತು ಬಿಡ್ತೈತಿ. ಅಲ್ಲೇ ಟೈಟಲ್ ಹಾಕ್ರಿ.

ಬೆಟಗೇರಿ_ಹುಡುಗ:

ಎಲ್ಲಾರಿಗೂ, ಐತವಾರ ರಾತ್ರಿ ಮತ್ತ ಬ್ಯಾಡಗಿಗಿ ಹೋಗಿ ಪೂರಾ ಸೀನ್ ಹೊಸದಾಗಿ ತಗದ್ವಿ. ಈಗ ಎರಡು ನಿಮಿಷ ಐವತ್ತು ಸೆಕೆಂಡ್, 11 ಕಟ್. ಡ್ರಮ್ಸ್ ಇಲ್ಲ. ಮಾಲಕನ ಮಾರಿ ಇಲ್ಲ, ಕೀಲಿ ಗೊಂಚಲಾ ಅಷ್ಟ. ಗಾಡಿಗಿ ರಾತ್ರಿ ಎರಡರ ತನಕ ಕಾದ್ವಿ, ಬಂದಾಗ ರೆಕಾರ್ಡರ್ ಕಿಟಕ್ಯಾಗ ಇಟ್ಟಿದ್ವಿ, ಪತ್ರಾಸ್ ನಡಗಿದ್ದು ಅದ್ರಾಗ ಚಲೋ ಬಂದೈತಿ. ಹಳೇ ಕೆಮ್ಮಿನ ಫೈಲ್ ಸಿಕ್ಕಿದ್ವು, ಅವನ್ನ ಹಾಕೀನಿ. ಖಾಲಿ ವಖಾರಿ ದನಿ ಒಂದು ನಿಮಿಷ ತಗೋಬೇಕಂದ್ರ ನಾಲ್ಕು ಸಲ ಯಾರರೆ ಕೆಮ್ಮಿ ಕೆಡಿಸಿದ್ರು, ಕಡೀಕ ಎಲ್ಲಾರನ್ನೂ ಹೊರಗ ಕಳಿಸಿ ನಾ ಒಬ್ಬನ ಒಳಗ ಟಾವೆಲ್ ಕಟ್ಕೊಂಡು ಕುಂತೆ.

ನಿನ್ನೆ ಅಕ್ಕಗ ತೋರ್ಸಿದೆ. ಫೋನ್ ಅಕಿ ತೊಡಿ ಮ್ಯಾಲೇ ಇತ್ತು, ನಡುವ ಒಮ್ಮಿ ಮೆಸೇಜ್ ಬಂದು ಬೆಳಕಾತು, ನೋಡಲಿಲ್ಲ. ದಿವಾನಜಿ ಚೀಲದ ಹಿಂದ ಕುಂತ ಮ್ಯಾಲೆ ಅಕಿ ಕೈ ತಾನ ಗಂಟಲಿಗಿ ಹೋತು, ಹಾರ್ನ್ ಕೇಳಿದಾಗ ಮುಂದ ಸರದು ಕುಂತ್ಲು, ಗಾಡಿ ಹೋಗೂತನಕ ಉಗುಳು ನುಂಗ್ಲಿಲ್ಲ. ಟೈಟಲ್ ಬಂದ ಕೂಡ್ಲೆ ನನ್ನ ಕಡೆ ತಿರುಗಿ ಕೇಳಿದ್ಲು, "ಕೇಳ್ತೇನೋ ಮಾಲಕಗ?"